ಮಗುವಿನ ಮಾತು ಕೇಳಿದವರಿಗೆ ಏನಾಗುತ್ತದೆ?

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಒಂದು ಮಗು ತನಗೆ ಆದದ್ದನ್ನು ಎಷ್ಟು ಸಲ ಹೇಳಬೇಕಾಗುತ್ತದೆ ಅಂತ ನೀವು ಯೋಚಿಸಿದ್ದೀರಾ? ಮೊದಲು ಅಮ್ಮನಿಗೋ ಟೀಚರಿಗೋ ಹೇಳುತ್ತದೆ. ಆಮೇಲೆ ಪೊಲೀಸ್ ಅಧಿಕಾರಿಗೆ, ಆಸ್ಪತ್ರೆಯಲ್ಲಿ ಡಾಕ್ಟರಿಗೆ, ಮ್ಯಾಜಿಸ್ಟ್ರೇಟರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ, ಕೌನ್ಸೆಲರಿಗೆ, ಕೊನೆಗೆ ವಿಶೇಷ ನ್ಯಾಯಾಲಯಕ್ಕೆ. ಒಂದೇ ಗಾಯವನ್ನು ಇಷ್ಟು ಸಲ ತೆರೆದು ತೋರಿಸಬೇಕಾದ್ದು ಕ್ರೂರ ಅಂತ ನಮ್ಮ ಕಾನೂನಿಗೆ ಗೊತ್ತಿದೆ. ಅದಕ್ಕೇ 2012ರ ಪೋಕ್ಸೊ ಕಾಯ್ದೆಯಲ್ಲಿ ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದಕ್ಕೆ ಒಪ್ಪಿಗೆಯಾದ ಜಾಗದಲ್ಲೋ ಪಡೆಯಬೇಕು, ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಬಾರದು, ಕೋರ್ಟಿನಲ್ಲಿ ಆರೋಪಿಯ ಮುಖ ಅದಕ್ಕೆ ಕಾಣಬಾರದು, ಪದೇಪದೇ ಸಾಕ್ಷಿಗೆ ಕರೆಸಬಾರದು ಅಂತೆಲ್ಲ ಬರೆದಿದ್ದಾರೆ. ಎಲ್ಲ ಕಡೆ ಪಾಲನೆ ಆಗ್ತದೋ ಇಲ್ಲವೋ ಬೇರೆ ಮಾತು. ಬರೆದಾದರೂ ಇದೆ.

ಈಗ ಅದನ್ನೇ ಇನ್ನೊಂದು ಕಡೆಯಿಂದ ನೋಡಿ. ಮಗು ಎಂಟು ಜನರ ಎದುರು ಹೇಳಿತು. ಆ ಎಂಟು ಜನರಲ್ಲಿ ಒಬ್ಬರಾದ ಕೌನ್ಸೆಲರ್ ಇವತ್ತು ಈ ಮಗುವಿನ ಮಾತು ಕೇಳಿದರು. ಮಧ್ಯಾಹ್ನದ ಊಟವಾದ ಮೇಲೆ ಇನ್ನೊಂದು ಮಗು. ನಾಳೆ ಬೆಳಿಗ್ಗೆ ಮತ್ತೊಂದು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಮಕ್ಕಳ ವಿರುದ್ಧದ ಅಪರಾಧಗಳೆಂದು ದಾಖಲಾದ ಪ್ರಕರಣಗಳು 1,62,449. ಅದರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪೋಕ್ಸೊ ಕೇಸುಗಳು. ದಾಖಲಾಗದೆ ಉಳಿದದ್ದನ್ನು ಬಿಡಿ, ಈ ಒಂದೊಂದು ಪ್ರಕರಣವನ್ನೂ ಯಾರೋ ಕೂತು ಕಿವಿಗೊಟ್ಟು ಕೇಳಿದ್ದಾರೆ. ಹಾಗೆ ಕೇಳುವವರ ಸಂಖ್ಯೆ ಬಹಳ ದೊಡ್ಡದೇನಲ್ಲ. ಅಂದರೆ ಒಬ್ಬೊಬ್ಬರೂ ವರ್ಷಕ್ಕೆ ಹತ್ತಾರು, ನೂರಾರು ಸಲ ಕೇಳುತ್ತಾರೆ. ಅದರ ಲೆಕ್ಕ ಯಾವ ಕಾಯ್ದೆಯಲ್ಲೂ ಇಲ್ಲ.

ಹೀಗೆ ಕೇಳಿ ಕೇಳಿ ಬರುವ ತೊಂದರೆಗೆ ಒಂದು ಹೆಸರಿದೆ: ಸೆಕೆಂಡರಿ ಟ್ರಾಮ್ಯಾಟಿಕ್ ಸ್ಟ್ರೆಸ್. ಕನ್ನಡದಲ್ಲಿ ಪರೋಕ್ಷ ಆಘಾತ ಅನ್ನೋಣ. ಪೆಟ್ಟು ಬಿದ್ದದ್ದು ಬೇರೆಯವರಿಗೆ, ಆದರೆ ಅವರ ಪಕ್ಕದಲ್ಲಿ ದಿನವೂ ಕೂತವರ ದೇಹ ಮನಸ್ಸು ಕೂಡ ಪೆಟ್ಟು ಬಿದ್ದ ಹಾಗೆಯೇ ವರ್ತಿಸತೊಡಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಫಿಗ್ಲೆ 1995ರಲ್ಲಿ ಇದರ ಬಗ್ಗೆ ಒಂದು ಪುಸ್ತಕ ತಂದರು. ಯುದ್ಧದಿಂದ ಮರಳಿದ ಸೈನಿಕರಲ್ಲಿ ಕಾಣುವ ಲಕ್ಷಣಗಳೇ ಸಂತ್ರಸ್ತರಿಗೆ ಚಿಕಿತ್ಸೆ ಕೊಡುವವರಲ್ಲೂ ಕಾಣಿಸಿಕೊಳ್ಳುತ್ತವೆ ಅನ್ನುವುದು ಅದರ ತಿರುಳು.

ಆ ಲಕ್ಷಣಗಳು ಯಾವುವು ಅಂತ ಪಠ್ಯಪುಸ್ತಕದ ಭಾಷೆಯಲ್ಲಿ ಹೇಳಿದರೆ ಯಾರಿಗೂ ತಮ್ಮ ಗುರುತು ಸಿಗುವುದಿಲ್ಲ. ನಿತ್ಯದ ಬದುಕಿನಲ್ಲಿ ಅವು ಹೇಗಿರ್ತವೆ ಅಂತ ನೋಡೋಣ. ಕೌನ್ಸೆಲರ್ ಒಬ್ಬರು ರಾತ್ರಿ ಸಾರು ಕುದಿಸುತ್ತಾ ನಿಂತಿದ್ದಾಗ, ಕೇಳದೆ ಕರೆಯದೆ, ಬೆಳಿಗ್ಗೆ ಮಗು ಹೇಳಿದ ಒಂದು ಕೋಣೆಯ ಚಿತ್ರ ಕಣ್ಣ ಮುಂದೆ ಬರುತ್ತದೆ. ಆ ಕೋಣೆಯನ್ನು ಅವರು ಎಂದೂ ನೋಡಿಲ್ಲ. ಆದರೂ ಅದರ ಬಾಗಿಲು ಯಾವ ಕಡೆ ಇದೆ ಅಂತ ಅವರಿಗೆ ಗೊತ್ತು. ಇದು ನುಗ್ಗಿ ಬರುವ ನೆನಪು. ಎರಡನೆಯದು ತಪ್ಪಿಸಿಕೊಳ್ಳುವಿಕೆ: ಆ ಮಗುವಿನ ಫೈಲನ್ನು ಮೇಜಿನ ತಳಕ್ಕೆ ಸರಿಸುವುದು, ಹೋಮ್ ವಿಸಿಟನ್ನು ಮುಂದೂಡುವುದು, ಟಿವಿಯಲ್ಲಿ ಇಂಥ ಸುದ್ದಿ ಬಂದರೆ ಎದ್ದು ಹೋಗುವುದು, ಕ್ರಮೇಣ ಯಾವುದಕ್ಕೂ ಏನೂ ಅನಿಸದಿರುವುದು. ಮೂರನೆಯದು ಸದಾ ಕಾವಲು. ಸ್ವಂತ ಮಗಳನ್ನು ಆಟೋದಲ್ಲಿ ಶಾಲೆಗೆ ಕಳಿಸಲಾಗುವುದಿಲ್ಲ. ಪಕ್ಕದ ಮನೆಯ ಅಜ್ಜ ಮಗುವಿನ ಕೆನ್ನೆ ಚಿವುಟಿದರೆ ಎದೆ ಢವಢವ. ನಿದ್ದೆ ಬರುವುದಿಲ್ಲ, ಸಣ್ಣದಕ್ಕೆ ಸಿಟ್ಟು, ಫೋನ್ ರಿಂಗಾದರೆ ಬೆಚ್ಚಿಬೀಳುವುದು.

ಈ ಮೂರು ಗುಂಪುಗಳನ್ನೇ ಇಟ್ಟುಕೊಂಡು ಬ್ರಯಾನ್ ಬ್ರೈಡ್ ಎಂಬ ಸಂಶೋಧಕರು 2004ರಲ್ಲಿ 17 ಪ್ರಶ್ನೆಗಳ ಒಂದು ಅಳತೆಗೋಲು ಮಾಡಿದರು. ಕಳೆದ ಏಳು ದಿನದಲ್ಲಿ ಹೀಗೆ ಆಯಿತಾ ಅಂತ ಕೇಳುತ್ತದೆ. ಅಮೆರಿಕದ ದಕ್ಷಿಣದ ಒಂದು ರಾಜ್ಯದಲ್ಲಿ 282 ಸಮಾಜಕಾರ್ಯಕರ್ತರಿಗೆ ಇದನ್ನು ಕೊಟ್ಟು ನೋಡಿದ ಫಲಿತಾಂಶ 2007ರಲ್ಲಿ ಬಂತು. ಹತ್ತರಲ್ಲಿ ಏಳು ಜನರಿಗೆ ಹಿಂದಿನ ವಾರದಲ್ಲಿ ಕನಿಷ್ಠ ಒಂದು ಲಕ್ಷಣ ಇತ್ತು. ಶೇಕಡ 15ರಷ್ಟು ಜನರಲ್ಲಿ ಪಿಟಿಎಸ್‌ಡಿ ಎಂಬ ಆಘಾತೋತ್ತರ ಕಾಯಿಲೆಯ ಮೂರೂ ಗುಂಪಿನ ಲಕ್ಷಣಗಳು ಅಳತೆಗೆ ತಕ್ಕಷ್ಟು ಇದ್ದವು. ಅವರ ಮೇಲೆ ಯಾರೂ ಕೈ ಮಾಡಿರಲಿಲ್ಲ. ಅವರು ಕೆಲಸಕ್ಕೆ ಹೋಗಿ ಬಂದಿದ್ದರು, ಅಷ್ಟೆ.

ಮನೋವೈದ್ಯಕೀಯವೂ ಇದನ್ನು ಒಪ್ಪಿದೆ. ಕಾಯಿಲೆಗಳನ್ನು ಗುರುತಿಸಲು ಬಳಸುವ ಡಿಎಸ್ಎಂ ಎಂಬ ಅಮೆರಿಕದ ಕೈಪಿಡಿಯ ಐದನೇ ಆವೃತ್ತಿ 2013ರಲ್ಲಿ ಬಂದಾಗ, ಕೆಲಸದ ಭಾಗವಾಗಿ ಭೀಕರ ವಿವರಗಳಿಗೆ ಪದೇಪದೇ ಒಡ್ಡಿಕೊಳ್ಳುವುದೂ ಪಿಟಿಎಸ್‌ಡಿಗೆ ಕಾರಣವಾಗಬಹುದು ಅಂತ ಸೇರಿಸಿದರು. ಅಲ್ಲಿ ಕೊಟ್ಟಿರುವ ಉದಾಹರಣೆಯೇ ಮಕ್ಕಳ ಮೇಲಿನ ದೌರ್ಜನ್ಯದ ವಿವರಗಳನ್ನು ಮತ್ತೆ ಮತ್ತೆ ಕೇಳಬೇಕಾದ ಪೊಲೀಸರದು. ಮನೆಯಲ್ಲಿ ಕೂತು ಟಿವಿ, ಮೊಬೈಲಲ್ಲಿ ನೋಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಕೆಲಸಕ್ಕಾಗಿ ನೋಡಬೇಕಾದ್ದು ಬರುತ್ತದೆ.

ಬರ್ನ್‌ಔಟ್ ಅನ್ನುವ ಪದ ಈಗ ಎಲ್ಲರ ಬಾಯಲ್ಲಿದೆ. ಅದೂ ಇದೂ ಒಂದೇ ಅಲ್ಲ. ಬ್ಯಾಂಕಿನವರಿಗೆ, ಸಾಫ್ಟ್‌ವೇರ್‌ನವರಿಗೆ ಕೆಲಸ ಹೆಚ್ಚಾಗಿ, ಬೆಲೆ ಸಿಗದೆ ಬರುವ ಬಳಲಿಕೆ ಬರ್ನ್‌ಔಟ್; ಅದು ನಿಧಾನವಾಗಿ ಏರುತ್ತದೆ, ರಜೆ ತೆಗೆದುಕೊಂಡರೆ, ಕೆಲಸ ಬದಲಿಸಿದರೆ ಬಹುಪಾಲು ಇಳಿಯುತ್ತದೆ. ಪರೋಕ್ಷ ಆಘಾತ ಒಂದೇ ಮಗುವಿನ ಒಂದೇ ಮಾತಿನಿಂದ, ಒಂದೇ ಮಧ್ಯಾಹ್ನದಲ್ಲಿ ಬರಬಹುದು. ರಜೆ ಹಾಕಿ ಊರಿಗೆ ಹೋದರೆ ಅದೂ ಜೊತೆಯಲ್ಲೇ ಬಸ್ ಹತ್ತುತ್ತದೆ. ಇದೇ ದಾರಿಯಲ್ಲಿ ವರ್ಷಗಟ್ಟಲೆ ನಡೆದವರಿಗೆ ಲೋಕದ ಮೇಲಿನ ನಂಬಿಕೆಯೇ ಬದಲಾಗುತ್ತದೆ, ಯಾವ ಗಂಡಸನ್ನೂ ನಂಬಲಾಗದು, ಯಾವ ಮನೆಯೂ ಸುರಕ್ಷಿತವಲ್ಲ ಅಂತ ಅನಿಸತೊಡಗುತ್ತದೆ. ಮೆಕ್‌ಕ್ಯಾನ್ ಮತ್ತು ಪರ್ಲ್‌ಮನ್ ಎಂಬಿಬ್ಬರು 1990ರಲ್ಲಿ ಇದಕ್ಕೆ ಬೇರೆಯೇ ಹೆಸರು ಕೊಟ್ಟರು. ಹೆಸರುಗಳ ಜಗಳ ನಮಗೆ ಬೇಡ.

ಮಕ್ಕಳ ವಿಷಯದಲ್ಲಿ ಮಾತ್ರ ಯಾಕೆ ಹೆಚ್ಚು ಭಾರ?

ದೊಡ್ಡವರು ತಮಗಾದದ್ದನ್ನು ಒಂದು ಕಥೆಯ ಹಾಗೆ ಹೇಳುತ್ತಾರೆ, ಮೊದಲು ಇದಾಯ್ತು ಆಮೇಲೆ ಅದಾಯ್ತು ಅಂತ. ಮಕ್ಕಳು ಹಾಗೆ ಹೇಳುವುದಿಲ್ಲ. ಗೊಂಬೆ ಆಡಿಸುತ್ತಾ, ಬಣ್ಣ ಹಚ್ಚುತ್ತಾ, ಬಿಸ್ಕತ್ತು ತಿನ್ನುತ್ತಾ, ನಡುವೆ ಒಂದು ವಾಕ್ಯ ಬೀಳುತ್ತದೆ. ಕೇಳಿದವರು ಆ ತುಂಡುಗಳನ್ನು ತಾವೇ ಜೋಡಿಸಿಕೊಳ್ಳಬೇಕು, ಖಾಲಿ ಜಾಗಗಳನ್ನು ತಮ್ಮ ತಲೆಯಲ್ಲೇ ತುಂಬಬೇಕು. ಹಾಗಾಗಿ ಚಿತ್ರ ಅರ್ಧ ಮಗುವಿನದು, ಅರ್ಧ ಕೇಳಿದವರದೇ. ಮರೆಯಲಾಗದ್ದಕ್ಕೆ ಇದೊಂದು ಕಾರಣ ಅಂತ ನನಗನಿಸುತ್ತದೆ. ಎದುರಿಗೆ ಕೂತ ಮಗು ಅಳದೆ ನಗುತ್ತಲೇ ಇರಬಹುದು. ಅಳಬೇಕಾದವರು ಯಾರು ಅನ್ನುವ ಗೊಂದಲದಲ್ಲಿ ದೊಡ್ಡವರು ಸಿಕ್ಕಿಬೀಳುತ್ತಾರೆ.

ಇನ್ನೊಂದಿದೆ. ತಪ್ಪು ಮಾಡಿದವನು ಬಹಳ ಸಲ ಮಗುವಿಗೆ ಗೊತ್ತಿರುವವನೇ, ಮನೆಯವನೇ. ಕೌನ್ಸೆಲಿಂಗ್ ಮುಗಿದ ಮೇಲೆ ಮಗು ಅದೇ ಓಣಿಗೆ, ಕೆಲವೊಮ್ಮೆ ಅದೇ ಮನೆಗೆ ಹೋಗುತ್ತದೆ. ಬ್ಯಾಗ್ ಹಾಕಿಕೊಂಡು ಟಾಟಾ ಮಾಡಿ ಹೋಗುವುದನ್ನು ನೋಡುತ್ತಾ ನಿಲ್ಲಬೇಕು. ಕೈಯಲ್ಲಿ ಮಾಡಲು ಏನೂ ಇಲ್ಲದೆ ಕೇಳುವುದು ಮನಸ್ಸಿಗೆ ಅತಿ ಕಷ್ಟದ ಕೆಲಸ. ಸರ್ಜನ್ ಒಬ್ಬರು ಗಾಯ ನೋಡಿ ಹೊಲಿಗೆಯಾದರೂ ಹಾಕುತ್ತಾರಲ್ಲ.

ಹದಿಹರೆಯದವರ ಜೊತೆ ಕೆಲಸ ಮಾಡುವವರ ಪಾಡು ಇನ್ನೂ ಬೇರೆ. ಮುಂಬೈಯ ಡೋಂಗ್ರಿಯಲ್ಲೋ ಬೇರೆ ಊರುಗಳಲ್ಲೋ ಇರುವ ವೀಕ್ಷಣಾಲಯಗಳನ್ನು ತೆಗೆದುಕೊಳ್ಳಿ. ಕಾನೂನಿನ ಜೊತೆ ಸಂಘರ್ಷಕ್ಕೆ ಬಿದ್ದ ಹುಡುಗರು ಅಲ್ಲಿರ್ತಾರೆ. ಹೊರಗಿನವರು ಅವರನ್ನು ಸಣ್ಣ ಕ್ರಿಮಿನಲ್‌ಗಳು ಅಂತಾರೆ. ಒಳಗೆ ಕೂತು ಮಾತಾಡಿಸುವ ಪ್ರೊಬೇಶನ್ ಅಧಿಕಾರಿಗೆ ಅದೇ ಹುಡುಗನ ಬೆನ್ನಿನ ಮೇಲಿನ ಬೆಲ್ಟಿನ ಗುರುತೂ ಗೊತ್ತಿರುತ್ತದೆ, ಅವನು ಇನ್ನೊಬ್ಬರಿಗೆ ಮಾಡಿದ್ದೂ ಗೊತ್ತಿರುತ್ತದೆ. ಅವನನ್ನು ಪೂರ್ತಿ ದ್ವೇಷಿಸಲು ಆಗದು, ಪೂರ್ತಿ ಮರುಗಲೂ ಆಗದು. ಪ್ರೀತಿ ತೋರಿಸಿದವರನ್ನೇ ಮೊದಲು ಕಚ್ಚಿ ನೋಡುವುದು ಪೆಟ್ಟು ತಿಂದ ಹುಡುಗರ ರೀತಿ: ಇವರೂ ಓಡಿಹೋಗ್ತಾರಾ ಅಂತ ಪರೀಕ್ಷೆ. ಉಗುಳಿಸಿಕೊಂಡು, ಬೈಸಿಕೊಂಡು, ಮರುದಿನ ಮತ್ತೆ ಬಂದು ಕೂರಬೇಕು.

ಹೆಲ್ಪ್‌ಲೈನಿನ ಫೋನ್ ಹಿಡಿದವರಿಗೆ ಮುಖವೇ ಕಾಣುವುದಿಲ್ಲ. 1996ರಲ್ಲಿ ಮುಂಬೈಯಲ್ಲಿ ಜೆರೂ ಬಿಲಿಮೋರಿಯಾ ಅವರು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಒಂದು ಯೋಜನೆಯಾಗಿ 1098 ಚೈಲ್ಡ್‌ಲೈನ್ ಶುರು ಮಾಡಿದರು. ದಸ್ ನೌ ಆಠ್ ಅಂತ ಬೀದಿಯ ಮಕ್ಕಳ ಬಾಯಿಗೆ ಸುಲಭವಾಗಿ ಹತ್ತುವ ನಂಬರು. ಮುಂದೆ ಅದು ದೇಶದುದ್ದಕ್ಕೂ ಹಬ್ಬಿತು. 2023ರ ಹೊತ್ತಿಗೆ ಸರ್ಕಾರವೇ ನಡೆಸುವ ವ್ಯವಸ್ಥೆಗೆ ಬಂದು 112ರ ತುರ್ತು ಸೇವೆಯ ಜೊತೆ ಜೋಡಣೆಯಾಗತೊಡಗಿತು. ಇಂಥ ಫೋನಿಗೆ ಬರುವ ಕರೆಗಳಲ್ಲಿ ಬಹಳಷ್ಟು ಮಾತೇ ಇಲ್ಲದವು. ಆ ಕಡೆ ಉಸಿರು ಕೇಳುತ್ತದೆ, ದೂರದಲ್ಲಿ ಟಿವಿಯ ಸದ್ದು, ಆಮೇಲೆ ಕಟ್. ತಮಾಷೆಗೆ ಮಾಡಿದ್ದೋ, ಹೇಳಲು ಧೈರ್ಯ ಸಾಲದೆ ಇಟ್ಟದ್ದೋ? ಗೊತ್ತಾಗುವುದೇ ಇಲ್ಲ. ಮುಂದಿನ ಕರೆ ಎತ್ತಬೇಕು.

ನಮ್ಮ ಭಾಷೆಯ ಮಗುವೊಂದು ಸಿಕ್ಕಾಗ

ಹೊರನಾಡಿನಲ್ಲಿರುವ ನಮಗೆ ಈ ವಿಷಯ ದೂರದ್ದು ಅಂತ ಅನಿಸಬಹುದು. ದೂರದ್ದಲ್ಲ. ಒಂದು ಕಾಲದಲ್ಲಿ ಉಡುಪಿ, ಮಂಗಳೂರು ಕಡೆಯಿಂದ ಸಣ್ಣ ಹುಡುಗರು ಮುಂಬೈಯ ಹೋಟೆಲುಗಳಿಗೆ ಲೋಟ ತೊಳೆಯಲು ಬರುತ್ತಿದ್ದರು. ಹಗಲೆಲ್ಲ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗುತ್ತಿದ್ದರು. ಆ ರಾತ್ರಿ ಶಾಲೆಗಳಿಂದ ಎಷ್ಟು ಜನ ಮೇಲೆ ಬಂದರು ಅನ್ನುವ ಹೆಮ್ಮೆಯ ಕಥೆ ನಾವು ಬೇಕಾದಷ್ಟು ಕೇಳಿದ್ದೇವೆ. ಬೆಂಚಿನ ಮೇಲೆ ತೂಕಡಿಸುವ ಹುಡುಗನ ಮೈಮೇಲಿನ ಸುಟ್ಟ ಗಾಯ ನೋಡಿ ಏನೂ ಹೇಳಲಾಗದೆ ಪಾಠ ಮುಂದುವರಿಸಿದ ಮಾಸ್ತರರ ಬಗ್ಗೆ ಯಾರು ಬರೆದರು? ಹೋಟೆಲು, ಢಾಬಾ, ಮನೆಗೆಲಸಗಳಲ್ಲಿ 14ರೊಳಗಿನ ಮಕ್ಕಳನ್ನು ಇಟ್ಟುಕೊಳ್ಳುವುದನ್ನು ಸರ್ಕಾರ ನಿಷೇಧಿಸಿದ್ದು 2006ರಲ್ಲಿ.

ಈಗ ದಾರಿ ಬದಲಾಗಿದೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಪುಣೆ, ಮುಂಬೈ, ಹೈದರಾಬಾದಿಗೆ ಬರುವ ಕುಟುಂಬಗಳ ಜೊತೆ ಮಕ್ಕಳೂ ಬರುತ್ತಾರೆ. ಅಂಥ ಒಂದು ಮಗುವಿಗೆ ಏನೋ ಆಗಿ, ಠಾಣೆಯಲ್ಲಿ ಅದರ ಮಾತು ಯಾರಿಗೂ ತಿಳಿಯದೆ ಹೋದಾಗ ಅಲ್ಲಿಂದ ಹುಡುಕಾಟ ಶುರುವಾಗುತ್ತದೆ: ಕನ್ನಡ ಬರುವವರು ಯಾರಿದ್ದಾರೆ? ಮಗುವಿನ ಹೇಳಿಕೆ ಪಡೆಯುವಾಗ, ನ್ಯಾಯಾಲಯದಲ್ಲಿ ಸಾಕ್ಷಿ ಕೇಳುವಾಗ ಭಾಷಾಂತರಕಾರರ ನೆರವು ಪಡೆಯಲು ಪೋಕ್ಸೊ ಕಾಯ್ದೆ ಅವಕಾಶ ಕೊಟ್ಟಿದೆ. 2020ರ ಪೋಕ್ಸೊ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ಇಂಥವರ ಹೆಸರುಗಳ ಒಂದು ಪಟ್ಟಿ ಇಟ್ಟಿರಬೇಕು, ಅವರಿಗೆ ಸಂಭಾವನೆಯನ್ನೂ ಕೊಡಬೇಕು. ಆ ಪಟ್ಟಿಯಲ್ಲಿ ಇರುವವರು, ಇರಬೇಕಾದವರು ನೀವೇ. ಮುಂಬೈಯಲ್ಲಿ ಬೆಳೆದು ಮನೆಯಲ್ಲಿ ಕನ್ನಡ ಮಾತಾಡುವ ಕಾಲೇಜು ಹುಡುಗಿ, ನಿವೃತ್ತ ಕನ್ನಡ ಟೀಚರ್.

ಭಾಷಾಂತರ ಅಂದರೆ ಬರೀ ಪದ ಬದಲಿಸುವುದು ಅಂತ ಹೊರಗಿನವರಿಗೆ ಅನಿಸುತ್ತದೆ. ಆದರೆ ಅದಕ್ಕೊಂದು ನಿಯಮ ಇದೆ: ಮಗು ಹೇಳಿದ್ದನ್ನು ಮಗುವಿನ ಮಾತಾಗಿಯೇ ಹೇಳಬೇಕು. “ಅವನು ಇವಳನ್ನು ಒಳಗೆ ಕರೆದನಂತೆ” ಅಂತ ಹೇಳುವ ಹಾಗಿಲ್ಲ. “ಅವನು ನನ್ನನ್ನು ಒಳಗೆ ಕರೆದ” ಅಂತಲೇ ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಬೇಕು. ಒಂದೆರಡು ಗಂಟೆ ಹೊತ್ತು “ನಾನು”, “ನನ್ನನ್ನು”, “ನನಗೆ” ಅಂತ ಆ ಮಗುವಿನ ಜಾಗದಲ್ಲಿ ನಿಂತು ಬಾಯಿಬಿಟ್ಟು ಉಚ್ಚರಿಸಬೇಕು. ಕೌನ್ಸೆಲರಿಗೆ ತರಬೇತಿ ಇರುತ್ತದೆ, ಪೊಲೀಸರಿಗೆ ಅಭ್ಯಾಸ ಇರುತ್ತದೆ. ಭಾಷಾಂತರಕ್ಕೆ ಬಂದವರಿಗೆ ಎರಡೂ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಒಂದು ಸಹಿ ಹಾಕಿಸಿಕೊಂಡು ಕಳಿಸಿಬಿಡ್ತಾರೆ. ಲೋಕಲ್ ಟ್ರೈನಿನಲ್ಲಿ ನಿಂತು ಮನೆಗೆ ಬರುವಾಗ ಆ “ನಾನು” ಇನ್ನೂ ಕಿವಿಯಲ್ಲಿರುತ್ತದೆ.

ಮನೆಯಲ್ಲಿ ಹೇಳಿಕೊಳ್ಳೋಣ ಅಂದರೆ ಮಗುವಿನ ಗುರುತು ಎಲ್ಲೂ ಬಿಟ್ಟುಕೊಡುವ ಹಾಗಿಲ್ಲ. ಪೋಕ್ಸೊ ಮತ್ತು ಬಾಲನ್ಯಾಯ ಕಾಯ್ದೆಗಳು ಅದರ ಬಗ್ಗೆ ಕಟ್ಟುನಿಟ್ಟು, ಹಾಗೇ ಇರಬೇಕು ಕೂಡ. ಆದರೆ ಬಹಳ ಜನ ಇದನ್ನು ಪೂರ್ತಿ ಬಾಯಿ ಮುಚ್ಚಿಕೊಂಡಿರಬೇಕು ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಹಾಗೇನಿಲ್ಲ. “ಇವತ್ತು ಕೇಳಿದ್ದು ನನ್ನ ಕೈಯಲ್ಲಿ ತಡೆದುಕೊಳ್ಳಲು ಆಗ್ತಿಲ್ಲ, ರಾತ್ರಿ ಊಟ ಸೇರಲಿಲ್ಲ” ಅಂತ ಹೇಳಲು ಮಗುವಿನ ಹೆಸರಾಗಲಿ ಊರಾಗಲಿ ಘಟನೆಯಾಗಲಿ ಬೇಕಿಲ್ಲ. ಅದು ನಿಮ್ಮದೇ ಸುದ್ದಿ.

ಯಾರ ಜವಾಬ್ದಾರಿ?

ಇಲ್ಲಿಯವರೆಗೆ ಓದಿದ ನಿಮಗೆ ಒಂದು ಉತ್ತರ ಹೊಳೆದಿರಬಹುದು: ಇಂಥ ಕೆಲಸಕ್ಕೆ ಗಟ್ಟಿ ಮನಸ್ಸಿನವರೇ ಬರಬೇಕು, ಬಂದವರು ಯೋಗ ಮಾಡಲಿ, ವಾಕಿಂಗ್ ಹೋಗಲಿ, ಪ್ರಾರ್ಥನೆ ಮಾಡಲಿ, ವಾರಕ್ಕೊಮ್ಮೆ ಸಿನಿಮಾ ನೋಡಲಿ. ಸಂಸ್ಥೆಗಳೂ ಹೀಗೇ ಹೇಳುತ್ತವೆ. ವರ್ಷಕ್ಕೊಮ್ಮೆ ‘ಸೆಲ್ಫ್ ಕೇರ್’ ವರ್ಕ್‌ಶಾಪ್ ಇಟ್ಟು, ಒಂದು ಡೈರಿ, ಒಂದು ಬಾಟಲಿ ಕೊಟ್ಟು ಕೈ ತೊಳೆದುಕೊಳ್ಳುತ್ತವೆ.

ಕೆನಡಾದಲ್ಲಿ ಟೆಡ್ ಬೋಬರ್ ಮತ್ತು ಶೆರಿಲ್ ರೆಗರ್ ಇದನ್ನೇ ಪರೀಕ್ಷೆ ಮಾಡಿ ನೋಡಿದರು. 2006ರಲ್ಲಿ ಅದು ಪ್ರಕಟವಾಯಿತು. ವ್ಯಾಯಾಮ, ವಿರಾಮ, ಹವ್ಯಾಸ ಇವೆಲ್ಲ ಒಳ್ಳೆಯದು ಅಂತ ಚಿಕಿತ್ಸಕರು ನಂಬಿದ್ದರು. ಆದರೆ ಅವುಗಳಿಗೆ ಹೆಚ್ಚು ಸಮಯ ಕೊಟ್ಟವರಲ್ಲಿ ಆಘಾತದ ಲಕ್ಷಣ ಕಡಿಮೆ ಇತ್ತಾ ಅಂದರೆ, ಇರಲಿಲ್ಲ. ಲಕ್ಷಣಗಳ ಜೊತೆ ಎಲ್ಲಕ್ಕಿಂತ ಹೆಚ್ಚು ತಾಳೆಯಾದದ್ದು ಒಂದೇ ಸಂಗತಿ: ವಾರಕ್ಕೆ ಎಷ್ಟು ಗಂಟೆ ಆಘಾತಕ್ಕೊಳಗಾದವರ ಜೊತೆ ಕೂರುತ್ತಾರೆ ಅನ್ನುವುದು. ಗಣಿಯಲ್ಲಿ ಧೂಳು ಎಷ್ಟು ಒಳಗೆ ಹೋಯಿತು ಅನ್ನುವುದು ಶ್ವಾಸಕೋಶಕ್ಕೆ ಮುಖ್ಯವಲ್ಲವೇ, ಅದೇ ರೀತಿ. ಗಣಿ ಕಾರ್ಮಿಕನಿಗೆ ಪ್ರಾಣಾಯಾಮ ಮಾಡು ಅಂತ ಹೇಳಿ ಸುಮ್ಮನಾದ ಮಾಲೀಕನನ್ನು ನಾವು ಏನಂತ ಕರೀತೇವೆ?

ಹಾಗಾಗಿ ಈ ತೊಂದರೆಗೆ ಸ್ವಭಾವದ ದೌರ್ಬಲ್ಯ ಅನ್ನುವ ಹಣೆಪಟ್ಟಿ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಇದು ಕೆಲಸದಿಂದ ಬರುವ ಅಪಾಯ, ಕೆಲಸ ಕೊಟ್ಟವರೇ ಅದಕ್ಕೆ ಉತ್ತರ ಹೇಳಬೇಕು. ನಮ್ಮಲ್ಲಿ ಪರಿಸ್ಥಿತಿ ಹೇಗಿದೆ ನೋಡಿ. ಪೋಕ್ಸೊ ಪ್ರಕರಣದಲ್ಲಿ ತನಿಖೆಯಿಂದ ವಿಚಾರಣೆ ಮುಗಿಯುವ ತನಕ ಮಗುವಿನ ಜೊತೆಗಿರಲು ‘ಸಪೋರ್ಟ್ ಪರ್ಸನ್’ ಒಬ್ಬರನ್ನು ಮಕ್ಕಳ ಕಲ್ಯಾಣ ಸಮಿತಿ ನೇಮಿಸುತ್ತದೆ. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ಸಪೋರ್ಟ್ ಪರ್ಸನ್ ಬೇಕೋ ಬೇಡವೋ ಅನ್ನುವುದನ್ನು ತಂದೆತಾಯಿಯ ಆಯ್ಕೆಗೆ ಬಿಡಬಾರದು ಅಂತ ಹೇಳಿತು. ಬಹಳ ಒಳ್ಳೆಯ ಮಾತು. ಇವರ ಸಂಭಾವನೆ? ಕುಶಲ ಕಾರ್ಮಿಕರಿಗೆ ನಿಗದಿಯಾದ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು, ಅಷ್ಟೇ. ಕೋರ್ಟಿನ ತಾರೀಖಿನಿಂದ ತಾರೀಖಿಗೆ ಮಗುವಿನ ಕೈ ಹಿಡಿದುಕೊಂಡು ವರ್ಷಗಟ್ಟಲೆ ಓಡಾಡುವವರ ಕೈ ಹಿಡಿಯುವವರು ಯಾರು ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ.

ಇದರ ಬೆಲೆ ತೆರುವವರು ಕೊನೆಗೂ ಮಕ್ಕಳೇ. ಕೇಳಿ ಕೇಳಿ ಮರಗಟ್ಟಿದ ಕೌನ್ಸೆಲರ್ ಎದುರು ಮಗು ಏನೋ ಹೇಳಲು ಬಾಯಿ ತೆರೆದಾಗ, ಅವರು ತಮಗೇ ಗೊತ್ತಿಲ್ಲದಂತೆ ಮಾತು ತಿರುಗಿಸುತ್ತಾರೆ: “ಇರಲಿ ಪುಟ್ಟಾ, ಸ್ಕೂಲ್ ಹೇಗಿದೆ ಹೇಳು.” ಮಕ್ಕಳು ಇದನ್ನು ಥಟ್ಟನೆ ಗುರುತಿಸುತ್ತವೆ. ಓಹೋ, ಇವರಿಗೂ ಇದು ಬೇಡ. ಮತ್ತೆ ಬಾಯಿ ತೆರೆಯುವುದಿಲ್ಲ. ವರದಿಯಲ್ಲಿ “ಮಗು ಆರಾಮಾಗಿದೆ” ಅಂತ ಬರುತ್ತದೆ. ಅಥವಾ ಕೌನ್ಸೆಲರ್ ಕೆಲಸವನ್ನೇ ಬಿಡುತ್ತಾರೆ, ಹೊಸಬರು ಬರುತ್ತಾರೆ, ಮಗು ಒಂಬತ್ತನೇ ಸಲ ಮೊದಲಿಂದ ಹೇಳಬೇಕು.

ಹಾಗಾದರೆ ಏನು ನೆರವಾಗುತ್ತದೆ?

ಮೊದಲನೆಯದಾಗಿ ಸೂಪರ್‌ವಿಷನ್. ಇದು ಸಂಬಳ, ರಜೆ ನೋಡುವ ಬಾಸ್ ಎದುರು ಕೂತು ಎಷ್ಟು ಕೇಸ್ ಮುಗಿಯಿತು ಅಂತ ಒಪ್ಪಿಸುವುದಲ್ಲ. ಅನುಭವಿ ಒಬ್ಬರ ಜೊತೆ ವಾರಕ್ಕೋ ಹದಿನೈದು ದಿನಕ್ಕೋ ಗೊತ್ತಾದ ಹೊತ್ತಿಗೆ ಕೂತು, ಈ ಮಗುವಿನ ಮಾತು ನನ್ನನ್ನು ಯಾಕೆ ಹೀಗೆ ಹಿಡಿದಿದೆ ಅಂತ ಮಾತಾಡುವುದು. ತನ್ನದೇ ಬಾಲ್ಯದಲ್ಲಿ ಇಂಥದ್ದು ಅನುಭವಿಸಿದವರಿಗೆ ಇದು ಇನ್ನೂ ಅಗತ್ಯ. ಈ ಕ್ಷೇತ್ರಕ್ಕೆ ಬರುವವರಲ್ಲಿ ಅಂಥವರೂ ಇರುತ್ತಾರೆ, ಅದು ಅನರ್ಹತೆ ಅಲ್ಲ. ಎರಡನೆಯದು ಗಂಟೆಗಳ ಲೆಕ್ಕ. ಒಬ್ಬರಿಗೇ ದಿನವಿಡೀ ಕಠಿಣ ಪ್ರಕರಣಗಳನ್ನು ಕೊಡದೆ, ತರಬೇತಿ, ಶಾಲಾ ಭೇಟಿ, ಕಾಗದಪತ್ರದ ಕೆಲಸಗಳ ಜೊತೆ ಬೆರೆಸಿ ಹಂಚುವುದು. ಖರ್ಚಿನ ವಿಷಯ ಅಂತ ಸಂಸ್ಥೆಗಳು ಇದನ್ನು ಮುಂದೂಡುತ್ತವೆ. ಬಿಟ್ಟುಹೋದವರ ಜಾಗಕ್ಕೆ ಹೊಸಬರನ್ನು ತಂದು ಕಲಿಸುವ ಖರ್ಚನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಹೋದ್ಯೋಗಿಗಳು ಮಾತಾಡಿಕೊಳ್ಳುವ ರೀತಿಯೂ ಮುಖ್ಯ. ಟೀ ಕುಡಿಯುತ್ತಾ “ಇವತ್ತು ಒಂದು ಕೇಸ್ ಬಂದಿತ್ತು ಮಾರಾಯ್ತಿ” ಅಂತ ಶುರು ಮಾಡಿ ಪೂರ್ತಿ ವಿವರ ಇಳಿಸಿಬಿಡುವುದು ಎಲ್ಲ ಆಫೀಸಿನಲ್ಲೂ ನಡೆಯುತ್ತದೆ. ಹೇಳಿದವರು ಹಗುರಾದರು, ಕೇಳಿದವರ ಮೇಲೆ ಇನ್ನೊಂದು ಮೂಟೆ. ಕೆನಡಾದ ಫ್ರಾಂಸ್ವಾಸ್ ಮಾಥ್ಯೂ ಇದಕ್ಕೊಂದು ಸರಳ ಶಿಸ್ತು ಕಲಿಸುತ್ತಾರೆ: ಮೊದಲು ಕೇಳಿ, “ಒಂದು ಕಷ್ಟದ ವಿಷಯ ಹೇಳಬಹುದಾ, ಈಗ ನಿನಗೆ ಆಗ್ತದಾ?” ಅಂತ. ಆಮೇಲೆ ನಿಮಗೆ ಏನಾಯಿತು ಅನ್ನುವಷ್ಟನ್ನು ಹೇಳಿ. ಚಿತ್ರ ಕಟ್ಟಿಕೊಡುವ ವಿವರಗಳನ್ನು ಬಿಡಿ. ಕಡತ ಓದುವುದಕ್ಕೂ ಇದೇ ಮಾತು. ನಿಮ್ಮ ಕೆಲಸಕ್ಕೆ ಬೇಕಾದ ಪುಟಗಳನ್ನು ಓದಿ, ಬೇಡದ ಫೋಟೋಗಳನ್ನು ತೆರೆಯಬೇಡಿ.

ಒಂದು ಎಚ್ಚರಿಕೆ. ಭೀಕರ ಘಟನೆಯ ಮರುದಿನವೇ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಒಬ್ಬೊಬ್ಬರಾಗಿ ನಡೆದದ್ದನ್ನೆಲ್ಲ ಹೇಳಿ ಅಂತ ಒತ್ತಾಯ ಮಾಡುವ ಒಂದು ಪದ್ಧತಿ ಹಿಂದೆ ಜನಪ್ರಿಯವಾಗಿತ್ತು. 2002ರ ಕೊಕ್ರೇನ್ ಪರಿಶೀಲನೆ ಇಂಥ ಒಂದೇ ಸಲದ ಡಿಬ್ರೀಫಿಂಗಿನಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ, ಕೆಲವರಿಗೆ ಹೆಚ್ಚಾಗಲೂಬಹುದು ಅಂತ ಹೇಳಿತು. ಮಾತಾಡಬೇಕೆನಿಸಿದವರಿಗೆ ಬಾಗಿಲು ತೆರೆದಿರಲಿ, ಎಳೆದು ಮಾತಾಡಿಸುವುದು ಬೇಡ.

ಇನ್ನು ಮನಸ್ಸಿನ ಒಳಗಿನ ಕೆಲಸ. ಮಗು ನೋವು ಹೇಳುವಾಗ “ಇದು ನನಗೇ ಆಗಿದ್ದರೆ, ನನ್ನ ಮಗಳಿಗೆ ಆಗಿದ್ದರೆ” ಅಂತ ನಾವು ಆ ನೋವಿನೊಳಗೆ ಇಳಿಯುತ್ತೇವೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ತಾನಿಯಾ ಸಿಂಗರ್ ಮತ್ತು ಸಂಗಡಿಗರು ಇದನ್ನು ಎರಡಾಗಿ ಬಿಡಿಸಿ ನೋಡಿದ್ದಾರೆ. ಇನ್ನೊಬ್ಬರ ನೋವನ್ನು ತನ್ನದೇ ಎಂಬಂತೆ ಅನುಭವಿಸಲು ತರಬೇತಿ ಪಡೆದವರಲ್ಲಿ ಸಂಕಟ ಹೆಚ್ಚಿತು; ಅದೇ ಜನ ಆಮೇಲೆ “ಇವರಿಗೆ ಒಳ್ಳೆಯದಾಗಲಿ” ಅನ್ನುವ ಕರುಣೆಯ ಅಭ್ಯಾಸ ಮಾಡಿದಾಗ ಸಂಕಟ ಇಳಿಯಿತು. ಮಿದುಳಿನಲ್ಲಿ ಈ ಎರಡಕ್ಕೂ ಕೆಲಸ ಮಾಡುವ ಜಾಗಗಳೇ ಬೇರೆ ಬೇರೆ. ಬಾವಿಗೆ ಬಿದ್ದವನ ಜೊತೆ ನಾವೂ ಹಾರಿದರೆ ಹಗ್ಗ ಹಿಡಿಯುವವರು ಯಾರು ಅಂತ ನಮ್ಮ ಅಜ್ಜಿಯರೂ ಕೇಳುತ್ತಿದ್ದರು. ಆದರೆ ಇದು ಓದಿದ ತಕ್ಷಣ ಬರುವುದಲ್ಲ, ಅಭ್ಯಾಸದಿಂದ ಬರುವಂಥದ್ದು.

ಈ ಕೆಲಸ ಬರೀ ಕತ್ತಲೆಯೂ ಅಲ್ಲ. ಕೊಲಂಬಿಯಾದಲ್ಲಿ ರಾಜಕೀಯ ಹಿಂಸೆಗೆ ಸಿಕ್ಕವರ ಜೊತೆ ಕೆಲಸ ಮಾಡುವ ಚಿಕಿತ್ಸಕರನ್ನು ಮಾತಾಡಿಸಿದ ಸಂಶೋಧಕರು 2007ರಲ್ಲಿ ಬರೆದ ಪ್ರಕಾರ, ಸಂತ್ರಸ್ತರ ನೋವಿನಂತೆಯೇ ಅವರ ಚೇತರಿಕೆಯೂ ಚಿಕಿತ್ಸಕರಿಗೆ ಅಂಟುತ್ತದೆ. ವರ್ಷದ ಹಿಂದೆ ಬಾಯಿಯೇ ತೆರೆಯದಿದ್ದ ಹುಡುಗಿ ಕೋರ್ಟಿನಲ್ಲಿ ತಲೆ ಎತ್ತಿ ನಿಂತದ್ದನ್ನು ನೋಡಿದವರ ಬೆನ್ನೂ ನೆಟ್ಟಗಾಗುತ್ತದೆ. ಇದಕ್ಕೂ ಒಂದು ಷರತ್ತಿದೆ: ಮಗುವಿಗೆ ಮುಂದೆ ಏನಾಯಿತು ಅಂತ ಕೆಲಸ ಮಾಡಿದವರಿಗೆ ತಿಳಿಯಬೇಕು. ಕೇಸ್ ಮುಗಿದ ಮೇಲೆ ಒಂದು ಸುದ್ದಿ ತಲುಪಿಸುವುದಕ್ಕೆ ಸಂಸ್ಥೆಗೆ ಒಂದು ಪೈಸೆ ಖರ್ಚಿಲ್ಲ.

ಎಂಎಸ್‌ಡಬ್ಲ್ಯೂ, ಮನಶ್ಶಾಸ್ತ್ರ, ಕಾನೂನು ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಮಕ್ಕಳ ಜೊತೆ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿ ಇಂಟರ್ವ್ಯೂಗೆ ಹೋದಾಗ ಸಂಬಳ ಕೇಳುವ ಹಾಗೆಯೇ ಇವನ್ನೂ ಕೇಳಿ: ಒಬ್ಬರಿಗೆ ಒಂದು ಹೊತ್ತಿಗೆ ಎಷ್ಟು ಕೇಸ್? ಸೂಪರ್‌ವಿಷನ್ ಯಾರು ಕೊಡ್ತಾರೆ, ಎಷ್ಟು ದಿನಕ್ಕೊಮ್ಮೆ? ಹಿಂದಿನವರು ಯಾಕೆ ಬಿಟ್ಟರು? ಇಂಥ ಪ್ರಶ್ನೆ ಕೇಳಿದರೆ ಸೇವಾ ಮನೋಭಾವ ಇಲ್ಲ ಅಂದುಕೊಳ್ಳುವ ಸಂಸ್ಥೆಯಾದರೆ, ಅದೂ ಒಂದು ಉತ್ತರವೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಸಂವಾದ್’ ಎಂಬ ವಿಭಾಗ ಸಂಕಷ್ಟದಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತದೆ, ಆಸಕ್ತಿ ಇದ್ದವರು ಹುಡುಕಿ ನೋಡಿ.

ಮನೆಯವರಿಗೂ ಹೇಳಬೇಕು. ಮಗಳೋ ಸೊಸೆಯೋ ಗಂಡನೋ ಇಂಥ ಕೆಲಸದಿಂದ ಬಂದಾಗ “ಇವತ್ತು ಏನು ಕೇಸ್?” ಅಂತ ಕುತೂಹಲಕ್ಕೆ ಕೇಳಬೇಡಿ. “ಇಷ್ಟು ಕಷ್ಟ ಇದ್ರೆ ಬಿಟ್ಟುಬಿಡು” ಅಂತಲೂ ತಕ್ಷಣ ಹೇಳಬೇಡಿ. ಬಿಡಬೇಕಾ ಇರಬೇಕಾ ಅನ್ನುವುದು ಅವರ ತೀರ್ಮಾನ. ಬಂದವರಿಗೆ ಅರ್ಧ ಗಂಟೆ ಸುಮ್ಮನೆ ಇರಲು ಬಿಡಿ. ತಿಂಗಳು ಕಳೆದರೂ ನಿದ್ದೆ ಸರಿಹೋಗದೆ, ಕೆಟ್ಟ ಕನಸು ನಿಲ್ಲದೆ, ಮಕ್ಕಳ ಮೇಲೆ ರೇಗಾಟ ಹೆಚ್ಚಿ, ಕುಡಿತವೋ ಮಾತ್ರೆಯೋ ಶುರುವಾಗಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬದುಕೇ ಬೇಡ ಅನ್ನುವ ಮಾತು ಬಂದರೆ ತಿಂಗಳು ಕಾಯಬೇಡಿ. ಪರೋಕ್ಷ ಆಘಾತಕ್ಕೂ ಪಿಟಿಎಸ್‌ಡಿಗೂ ಚಿಕಿತ್ಸೆ ಇದೆ, ಗುಣವಾಗುತ್ತದೆ. 2022ರ ಅಕ್ಟೋಬರಿನಿಂದ ಸರ್ಕಾರದ ಟೆಲಿ ಮಾನಸ್ ಫೋನ್ ಸೇವೆ ಇದೆ. ನಂಬರು 14416, ಹಣ ಕೊಡಬೇಕಿಲ್ಲ, 20 ಭಾಷೆಗಳಲ್ಲಿ ಮಾತಾಡಬಹುದು, ಕನ್ನಡವೂ ಅದರಲ್ಲಿದೆ. ಕೌನ್ಸೆಲರ್ ಆದವರು ಅಲ್ಲಿಗೆ ಫೋನ್ ಮಾಡಬಾರದು ಅಂತ ನಿಯಮವೇನಿಲ್ಲ.

ಭಾಷಾಂತರಕ್ಕೆ ಕರೆ ಬಂದರೆ ಹೋಗಿ. ನೀವು ಹೋಗದಿದ್ದರೆ ಆ ಮಗುವಿನ ಮಾತು ಯಾರಿಗೂ ತಿಳಿಯುವುದಿಲ್ಲ. ಹೋಗುವ ಮೊದಲು ಎಷ್ಟು ಹೊತ್ತು, ನಡುವೆ ವಿರಾಮ ಇದೆಯಾ ಅಂತ ಕೇಳಿಕೊಳ್ಳಿ. ಮುಗಿದ ಮೇಲೆ ಕೂಡಲೇ ಟ್ರೈನ್ ಹತ್ತಬೇಡಿ. ಅಲ್ಲಿರುವ ಕೌನ್ಸೆಲರ್ ಜೊತೆ ಹತ್ತು ನಿಮಿಷ ಕೂತು ಒಂದು ಚಹಾ ಕುಡಿಯಿರಿ. ಅವರಿಗೂ ಅದು ಬೇಕಾಗಿರುತ್ತದೆ.